ಸಂಬಳವಿಲ್ಲದ ಸಮಿತಿಯ ಕೆಲಸ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರಿಗೆ ಎಎಸಿಆರ್-2 ಎಂಬ ದಪ್ಪ ಪುಸ್ತಕದ ಪರಿಚಯ ಇದ್ದೇ ಇರುತ್ತದೆ. ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಎರಡನೆಯ ಆವೃತ್ತಿ ಅದು. ಅಮೆರಿಕ, ಬ್ರಿಟನ್, ಕೆನಡಾಗಳ ಗ್ರಂಥಾಲಯ ಸಂಘಗಳು ಸೇರಿ 1978ರಲ್ಲಿ ಹೊರತಂದವು. ವ್ಯಕ್ತಿನಾಮಗಳ ಅಧ್ಯಾಯದ ಕೊನೆಯ ಭಾಗದಲ್ಲಿ ನಮಗೆ ಸಂಬಂಧಪಟ್ಟ ಪುಟ್ಟ ನಿಯಮವೊಂದಿದೆ. ಕನ್ನಡ, ಮಲಯಾಳಂ, ತಮಿಳು, ತೆಲುಗು ಹೆಸರುಗಳಲ್ಲಿ ಮನೆತನದ ಹೆಸರು ಇಲ್ಲದಿದ್ದರೆ ಇಟ್ಟ ಹೆಸರಿನಡಿಯಲ್ಲೇ ನಮೂದಿಸಿ. ಅದರ ಹಿಂದೆ ಸಾಮಾನ್ಯವಾಗಿ ಊರಿನ ಹೆಸರು, ಕೆಲವೊಮ್ಮೆ ತಂದೆಯ ಹೆಸರು ಇರುತ್ತದೆ. ಆಮೇಲೆ ಜಾತಿಸೂಚಕ ಬರಬಹುದು ಎನ್ನುತ್ತದೆ ಅದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬ ಹೆಸರನ್ನು ಇಂಗ್ಲಿಷ್ ಹೆಸರುಗಳ ರೂಢಿಗೆ ಬಿಟ್ಟರೆ ಕೊನೆಯ ತುಂಡು ಮುಂದಕ್ಕೆ ಬಂದು, ನಮ್ಮ ಕಥೆಗಾರರು ನೂರಾರು ಅಯ್ಯಂಗಾರ್‌ಗಳ ನಡುವೆ ಕಳೆದುಹೋಗುತ್ತಾರೆ. ನಿಯಮದ ಪ್ರಕಾರ ನಡೆದರೆ ‘ವೆಂಕಟೇಶ ಅಯ್ಯಂಗಾರ್, ಮಾಸ್ತಿ’ ಎಂದಾಗುತ್ತದೆ. ಹುಡುಕಿದವರ ಕೈಗೆ ಸಿಗುತ್ತಾರೆ.

ಇಂಥ ಸಾಲುಗಳು ಒಬ್ಬರ ಮೇಜಿನ ಮೇಲೆ ಹುಟ್ಟಿ ಹಾಗೇ ಅಚ್ಚಿಗೆ ಹೋಗುವುದಿಲ್ಲ. ಈ ಪರಿಷ್ಕರಣೆಗೆಂದೇ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರತ್ಯೇಕ ಸಮಿತಿಯೊಂದನ್ನು ಕೂರಿಸಿತ್ತು. ಅಂಥ ಸಮಿತಿಗಳಲ್ಲಿ ಕೂರುವವರು ಹಗಲು ತಮ್ಮ ತಮ್ಮ ಗ್ರಂಥಾಲಯಗಳಲ್ಲಿ ದುಡಿಯುವ ನೌಕರರು. ಸಮಿತಿಯ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ; ಮೇಲಾಗಿ ಸಂಘದ ಸದಸ್ಯತ್ವ ಶುಲ್ಕವನ್ನು ತಾವೇ ಕಟ್ಟಿರುತ್ತಾರೆ. ಈ ಪದ್ಧತಿಯನ್ನು ಹೊಗಳುವ ಮಾತು ವೃತ್ತಿ ಸಮ್ಮೇಳನಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಹೊಗಳಿಕೆಯಷ್ಟೇ ಸಾಲದು. ನೂರೈವತ್ತು ವರ್ಷಗಳ ಬಾಳಿಕೆಯಿರುವ ಪದ್ಧತಿಯನ್ನು ಒಂದು ಕೃತಿಯನ್ನು ಅಳೆಯುವಂತೆ ಅಳೆದು ನೋಡಬೇಕು.

1876ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ 103 ಜನ ಸೇರಿ ಕಟ್ಟಿದ ಈ ಸಂಘ ಇಂದು ಹತ್ತಾರು ಸಾವಿರ ಸದಸ್ಯರ ದೊಡ್ಡ ಸಂಸಾರ. ಅದರೊಳಗೆ ಕೌನ್ಸಿಲ್, ಕಾರ್ಯಕಾರಿ ಮಂಡಳಿ, ಮಕ್ಕಳ ವಿಭಾಗ, ಕಾಲೇಜು ಗ್ರಂಥಾಲಯಗಳ ವಿಭಾಗ, ದುಂಡುಮೇಜಿನ ಗುಂಪುಗಳು. ಒಂದೊಂದರ ಕೆಳಗೂ ಸಮಿತಿಗಳ ಸಾಲು. ಸೇರಬಯಸುವ ಸದಸ್ಯರು ಅರ್ಜಿಯಲ್ಲಿ ತಮ್ಮ ಆಸಕ್ತಿ, ಅನುಭವ ಬರೆದು ಕಳಿಸುತ್ತಾರೆ. ಮುಂದಿನ ಅವಧಿಗೆ ಆಯ್ಕೆಯಾದ ಅಧ್ಯಕ್ಷರು ನೇಮಕ ಮಾಡುತ್ತಾರೆ. ಹೆಚ್ಚಿನ ಸಮಿತಿಗಳಲ್ಲಿ ಅವಧಿ ಎರಡು ವರ್ಷ. ಸಮಿತಿ ಏನು ಮಾಡಬೇಕು ಎಂಬುದು ಮೊದಲೇ ಬರವಣಿಗೆಯಲ್ಲಿ ಇರುತ್ತದೆ.

ಈ ವ್ಯವಸ್ಥೆಯ ಸತ್ವ ಇರುವುದು ಒಂದೇ ಸಂಗತಿಯಲ್ಲಿ ಎಂದು ನನ್ನ ತಿಳಿವಳಿಕೆ: ಕೆಲಸವನ್ನು ಅದು ವ್ಯಕ್ತಿಯಿಂದ ಬಿಡಿಸುತ್ತದೆ. ಇವತ್ತು ಕೂತವರು ಎರಡು ವರ್ಷದ ನಂತರ ಎದ್ದುಹೋಗುತ್ತಾರೆ, ಕೆಲಸ ಮಾತ್ರ ಮುಂದಿನವರ ಕೈಗೆ ಬರುತ್ತದೆ. ಈ ಗುಣ ಇರುವವರೆಗೆ ಸಮಿತಿ ಬದುಕಿರುತ್ತದೆ. ಕುರ್ಚಿ ಕೆಲವರ ಸೊತ್ತಾದಾಗ ಹೆಸರು ಉಳಿಯುತ್ತದೆ, ಕೆಲಸ ನಿಲ್ಲುತ್ತದೆ.

ಕೆಲಸ ಒಬ್ಬ ವ್ಯಕ್ತಿಗೇ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್. 1934ರಲ್ಲಿ ಅವರು ತಮ್ಮದೇ ಸೂಚೀ ಸಂಹಿತೆಯನ್ನು, ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ ಅನ್ನು ಪ್ರಕಟಿಸಿದರು. ತರ್ಕದ ಬಿಗಿಯಲ್ಲಿ ಅದು ಯಾವ ಸಮಿತಿಯ ಸಂಹಿತೆಗೂ ಕಡಿಮೆಯಲ್ಲ. ಬಿಡಿ ನಿಯಮಗಳಿಗಿಂತ ಮೊದಲು ಮೂಲಸೂತ್ರಗಳನ್ನು ಇಟ್ಟದ್ದರಲ್ಲಿ ಅದು ಹಲವು ಸಂಹಿತೆಗಳನ್ನು ಮೀರಿಸುತ್ತದೆ. ಅದರ ಐದನೆಯ ಆವೃತ್ತಿ 1964ರಲ್ಲಿ ಬಂತು. ಆರನೆಯದು ಬರಲಿಲ್ಲ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅಲ್ಲಿ 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆಂದು ಡಿಆರ್‌ಟಿಸಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಅವರು ತೀರಿಕೊಂಡರು. ಅವರ ಸಂಹಿತೆ ಅಲ್ಲಿಗೇ ನಿಂತಿತು. ಅತ್ತ ಎಎಸಿಆರ್-2 ಮಾತ್ರ 1988, 1998, 2002ರಲ್ಲಿ ತಿದ್ದುಪಡಿ ಕಂಡು, 2010ರಲ್ಲಿ ಆರ್‌ಡಿಎ ಎಂಬ ಹೊಸ ಸಂಹಿತೆಗೆ ದಾರಿ ಬಿಟ್ಟಿತು. ಇದಕ್ಕೆ ಅಮೆರಿಕದ ಹಣಬಲ, ಲೈಬ್ರರಿ ಆಫ್ ಕಾಂಗ್ರೆಸ್‌ನ ಬೆಂಬಲ, ಗಣಕಯಂತ್ರದ ಬರವು ಎಲ್ಲವೂ ಕಾರಣ, ಒಪ್ಪುತ್ತೇನೆ. ಆದರೂ ಪ್ರತಿ ತಿದ್ದುಪಡಿಯ ಹೊತ್ತಿಗೆ ಕೂತು ಓದಿ, ಇದು ನಮ್ಮ ಗ್ರಂಥಾಲಯದಲ್ಲಿ ನಡೆಯುವುದಿಲ್ಲ ಎಂದು ಹೇಳಬಲ್ಲ ಜನ ಅಲ್ಲಿ ಇದ್ದರು. ನಮ್ಮಲ್ಲಿ ಆ ಪ್ರತಿಭೆಯ ಹಿಂದೆ ಅಂಥ ಸಾಲು ನಿಲ್ಲಲಿಲ್ಲ. ರಂಗನಾಥನ್ ಸಂಘಗಳನ್ನು ಕಡೆಗಣಿಸಿದವರಲ್ಲ ಎಂಬುದು ಈ ನೋವನ್ನು ಹೆಚ್ಚಿಸುತ್ತದೆ. 1928ರಲ್ಲಿ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಕಟ್ಟಿ ವರ್ಷಾನುಗಟ್ಟಲೆ ಅದರ ಕಾರ್ಯದರ್ಶಿಯಾಗಿ ದುಡಿದವರು, 1944ರಿಂದ 1953ರವರೆಗೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರಾಗಿದ್ದವರು ಅವರು. ಒಬ್ಬರ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ, ಅವರು ಇಲ್ಲವಾದಾಗ ಕೈಚೆಲ್ಲಿ ಕೂರುವ ಅಭ್ಯಾಸ ನಮ್ಮದು. ಕುವೆಂಪು, ಬೀಚಿ, ತ್ರಿವೇಣಿ ಮುಂತಾದ ಕಾವ್ಯನಾಮಗಳನ್ನೂ ಅವರ ನಿಜನಾಮಗಳನ್ನೂ ಜೋಡಿಸಿದ ಪ್ರಮಾಣಿತ ಪಟ್ಟಿಯೊಂದನ್ನು ಎಲ್ಲ ಗ್ರಂಥಾಲಯಗಳೂ ಬಳಸುವಂತೆ ನೋಡಿಕೊಳ್ಳಲು ಮಹಾಪ್ರತಿಭೆ ಬೇಕಿಲ್ಲ. ಹತ್ತು ಜನ ಗ್ರಂಥಪಾಲಕರು, ಎರಡು ವರ್ಷದ ಗಡುವು, ಅವರಾದ ಮೇಲೆ ಇನ್ನು ಹತ್ತು ಜನ ಸಿಕ್ಕರೆ ಸಾಕು.

ಸಮಿತಿ ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲುದು ಎಂದು ನೋಡಬೇಕಾದರೆ ನ್ಯೂಬೆರಿ ಪದಕದ ಸಮಿತಿಯನ್ನು ನೋಡಬೇಕು. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ 1922ರಿಂದ ಸಲ್ಲುತ್ತಿರುವ ಪದಕ ಅದು. ಸಮಿತಿಯಲ್ಲಿ 15 ಜನ. ವರ್ಷವಿಡೀ ನೂರಾರು ಪುಸ್ತಕ ಓದುತ್ತಾರೆ. ಕೆಲಸ ಮುಗಿದು ಮಕ್ಕಳ ವಿಭಾಗದ ಬಾಗಿಲು ಹಾಕಿದ ಮೇಲೆ, ರಜಾ ದಿನಗಳಲ್ಲಿ, ಮನೆಯವರು ಮಲಗಿದ ಮೇಲೆ ನಡೆಯುವ ಓದು ಇದು. ಕೊನೆಗೆ ಒಂದು ಕೋಣೆಯಲ್ಲಿ ಕೂತು ಚರ್ಚೆ. ಇಂಥ ಚರ್ಚೆಗಳಿಗೆ ಆ ವೃತ್ತಿಯಲ್ಲಿ ಬೆಳೆದು ಬಂದಿರುವ ರೂಢಿ ನನಗೆ ಬಹಳ ಇಷ್ಟ. ಪುಸ್ತಕದಲ್ಲಿ ಏನು ಚೆನ್ನಾಗಿದೆ ಎಂಬುದನ್ನು ಮೊದಲು ಎಲ್ಲರೂ ಹೇಳಬೇಕು. ಕೊರತೆಯ ಮಾತು ಆಮೇಲೆ. ಪುಸ್ತಕ ಏನಾಗಲು ಹೊರಟಿದೆಯೋ ಅದರಿಂದಲೇ ಅದನ್ನು ಅಳೆಯಬೇಕು, ಓದುಗ ಬಯಸಿದ ಬೇರೊಂದು ಪುಸ್ತಕದಿಂದಲ್ಲ. ನಮ್ಮ ಎಷ್ಟು ಪ್ರಶಸ್ತಿ ಸಮಿತಿಗಳಲ್ಲಿ ಸದಸ್ಯರು ಎದುರಾಬದುರಾ ಕೂತು ಹೀಗೆ ಓದಿದ್ದನ್ನು ಮಾತಾಡುತ್ತಾರೆ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಮತದಾನದ ಲೆಕ್ಕವೂ ನೋಡುವಂಥದ್ದು. ಪ್ರತಿಯೊಬ್ಬರೂ ಮೂರು ಪುಸ್ತಕಗಳನ್ನು ಕ್ರಮವಾಗಿ ಸೂಚಿಸಬೇಕು. ಮೊದಲನೆಯದಕ್ಕೆ 4 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 2. ಗೆಲ್ಲುವ ಪುಸ್ತಕಕ್ಕೆ ಕನಿಷ್ಠ 8 ಜನರ ಮೊದಲ ಆಯ್ಕೆ ಸಿಗಬೇಕು. ಜೊತೆಗೆ ಎರಡನೆಯ ಸ್ಥಾನದ ಪುಸ್ತಕಕ್ಕಿಂತ 8 ಅಂಕ ಮುಂದಿರಬೇಕು. ಹಾಗಾಗದಿದ್ದರೆ ಮತ್ತೆ ಚರ್ಚೆ, ಮತ್ತೆ ಮತ. ಇಲ್ಲಿ ಒಮ್ಮತ ಬೇಕಿಲ್ಲ, ಕೂದಲೆಳೆ ಅಂತರದ ಗೆಲುವೂ ಸಾಲದು. ತನ್ನ ಮೊದಲ ಆಯ್ಕೆ ಗೆಲ್ಲುವುದಿಲ್ಲ ಎಂದು ಕಂಡಾಗ ಸದಸ್ಯರು ಇನ್ನೊಬ್ಬರ ಪುಸ್ತಕವನ್ನು ಮತ್ತೆ ತೆರೆದು ನೋಡಲೇಬೇಕಾಗುತ್ತದೆ. ಘೋಷಣೆಯೊಂದಿಗೆ ಆ ಸಮಿತಿಯ ಕೆಲಸ ಮುಗಿಯಿತು. ಮರುವರ್ಷದ ಪುಸ್ತಕಗಳಿಗೆ ಬೇರೆ 15 ಜನ. ಗಡುವು ಖಚಿತ, ಕೆಲಸ ಖಚಿತ, ನಿರ್ಗಮನವೂ ಖಚಿತ. ಆದ್ದರಿಂದಲೇ ಶತಮಾನ ದಾಟಿದರೂ ಅದಕ್ಕೆ ಬೆಲೆಯಿದೆ.

ಆದರೆ ಇದೇ ನ್ಯೂಬೆರಿಯ ಪಟ್ಟಿ ಹಿಡಿದು ನೋಡಿ. ಪದಕ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಲೇಖಕಿ ವರ್ಜೀನಿಯಾ ಹ್ಯಾಮಿಲ್ಟನ್, ವರ್ಷ 1975. ಪದಕ ಶುರುವಾಗಿ 53 ವರ್ಷ ಕಳೆದಿತ್ತು. ನಿಯಮ ಎಷ್ಟೇ ಹದವಾಗಿರಲಿ, ಕೋಣೆಯೊಳಗೆ ಯಾರು ಕೂತಿದ್ದಾರೆ, ಅವರ ಮುಂದೆ ಯಾವ ಪುಸ್ತಕಗಳು ಬರುತ್ತವೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. 1969ರಲ್ಲಿ ಸಂಘದ ಸಮ್ಮೇಳನ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದಾಗ ಮೇಬಲ್ ಮೆಕ್‌ಕಿಸಿಕ್ ಮತ್ತು ಗ್ಲಿಂಡನ್ ಗ್ರೀರ್ ಎಂಬ ಇಬ್ಬರು ಶಾಲಾ ಗ್ರಂಥಪಾಲಕಿಯರು ಪ್ರಕಾಶಕರೊಬ್ಬರ ಮಳಿಗೆಯ ಮುಂದೆ ಭೇಟಿಯಾಗಿ ಈ ಕೊರತೆಯ ಬಗ್ಗೆಯೇ ಮಾತಾಡಿದರು. ಅದರ ಫಲವಾಗಿ ಮರುವರ್ಷ ಆಫ್ರಿಕನ್-ಅಮೆರಿಕನ್ ಲೇಖಕರಿಗೆ ಸಲ್ಲುವ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿ ಹುಟ್ಟಿತು. ಅದನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ಅಧಿಕೃತ ಪ್ರಶಸ್ತಿಯಾಗಿ ಒಪ್ಪಿಕೊಂಡದ್ದು 1982ರಲ್ಲಿ. ಅಷ್ಟು ವರ್ಷ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದರು.

ಇನ್ನೂ ಹಿಂದಿನ ಸಂಗತಿ ಇದಕ್ಕಿಂತ ಕಹಿ. 1936ರ ಸಮ್ಮೇಳನ ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಕಪ್ಪು ಗ್ರಂಥಪಾಲಕರು ಸಮ್ಮೇಳನದ ಹೋಟೆಲಿನಲ್ಲಿ ತಂಗುವಂತಿರಲಿಲ್ಲ, ಊಟವಿರುವ ಸಭೆಗಳಿಗೆ ಬರುವಂತಿರಲಿಲ್ಲ, ಸಭಾಂಗಣದಲ್ಲಿ ಅವರಿಗೆ ಬೇರೆ ಜಾಗ. ಪ್ರತಿಭಟನೆ ಎದ್ದಿತು, ಸಂಘ ಸಮಿತಿಯೊಂದನ್ನು ನೇಮಿಸಿತು, ಸದಸ್ಯರೆಲ್ಲರೂ ಸಮಾನವಾಗಿ ಭಾಗವಹಿಸಲಾಗದ ಊರಿನಲ್ಲಿ ಇನ್ನು ಸಮ್ಮೇಳನ ನಡೆಸುವುದಿಲ್ಲ ಎಂಬ ನಿರ್ಣಯ ಅದೇ ವರ್ಷ ಬಂತು. ಇಲ್ಲಿ ಸಮಿತಿ ತನ್ನ ಕೆಲಸ ಮಾಡಿತು ಎನ್ನಬೇಕು. ಆದರೆ ದಕ್ಷಿಣದ ಕೆಲವು ರಾಜ್ಯಗಳ ಗ್ರಂಥಾಲಯ ಸಂಘಗಳು ಕಪ್ಪು ಜನರನ್ನು ಸದಸ್ಯರನ್ನಾಗಿಯೇ ಸೇರಿಸಿಕೊಳ್ಳುತ್ತಿರಲಿಲ್ಲ. ಆ ಪ್ರಶ್ನೆ ಹಾಗೇ ಉಳಿಯಿತು. 1964ರಲ್ಲಿ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಇ. ಜೆ. ಜೋಸಿ ಸಭೆಯ ನಡುವೆ ಎದ್ದು ನಿಂತರು. ಅವರು ಜಾರ್ಜಿಯಾದಲ್ಲಿ ಕಾಲೇಜು ಗ್ರಂಥಪಾಲಕರು, ಆ ರಾಜ್ಯದ ಸಂಘ ಅವರಿಗೆ ಸದಸ್ಯತ್ವ ನಿರಾಕರಿಸಿತ್ತು. ಭೇದ ಮಾಡುವ ರಾಜ್ಯ ಸಂಘಗಳ ಸಭೆಗಳಿಗೆ ರಾಷ್ಟ್ರೀಯ ಸಂಘದ ಪದಾಧಿಕಾರಿಗಳೂ ಸಿಬ್ಬಂದಿಯೂ ಅಧಿಕೃತವಾಗಿ ಹೋಗಕೂಡದು ಎಂಬ ಗೊತ್ತುವಳಿಯನ್ನು ಅವರು ಮಂಡಿಸಿದರು, ಅದು ಅಂಗೀಕಾರವಾಯಿತು. 28 ವರ್ಷಗಳಲ್ಲಿ ಆಗದ್ದನ್ನು ಮೈಕಿನ ಮುಂದೆ ನಿಂತ ಒಬ್ಬ ಸದಸ್ಯ ಒಂದು ಸಭೆಯಲ್ಲಿ ಮಾಡಿಸಿದರು. ಮುಂದೆ 1984ರಲ್ಲಿ ಅದೇ ಸಂಘಕ್ಕೆ ಅವರು ಅಧ್ಯಕ್ಷರಾದರು.

ಹಾಗಾಗಿ ಸಮಿತಿಯನ್ನು ಕುರಿತ ನನ್ನ ಮೆಚ್ಚುಗೆಗೆ ಒಂದು ಷರತ್ತಿದೆ. ಸರ್ವಸದಸ್ಯರ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡುವ ಹಕ್ಕು ಗಟ್ಟಿಯಾಗಿರಬೇಕು. ಆ ಹಕ್ಕು ಇಲ್ಲದ ಕಡೆ, ಇದನ್ನು ಸಮಿತಿ ಪರಿಶೀಲಿಸುತ್ತದೆ ಎಂಬ ಉತ್ತರ ನ್ಯಾಯವನ್ನು ಮುಂದಕ್ಕೆ ತಳ್ಳುವ ಸಾಧನವಾಗುತ್ತದೆ.

ಎಲ್ಲ ಸಮಿತಿಗಳೂ ಗಡುವಿನವೇ ಆಗಬೇಕೆಂದೂ ಅಲ್ಲ. 1939ರಲ್ಲಿ ಜಾನ್ ಸ್ಟೈನ್‌ಬೆಕ್ ಅವರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು ಹಲವು ಊರುಗಳ ಗ್ರಂಥಾಲಯಗಳಿಂದ ತೆಗೆದುಹಾಕುವ ಯತ್ನಗಳು ನಡೆದವು. 1940ರಲ್ಲಿ ಸಂಘ ಬೌದ್ಧಿಕ ಸ್ವಾತಂತ್ರ್ಯದ ಸಮಿತಿಯನ್ನು ರಚಿಸಿತು. ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಬೇಟೆಯಾಡಿದ ಮೆಕಾರ್ಥಿ ಕಾಲದ ಭಯ ಕವಿದಿದ್ದ 1953ರಲ್ಲಿ, ಓದುವ ಸ್ವಾತಂತ್ರ್ಯದ ಹೇಳಿಕೆಯನ್ನು ಪ್ರಕಾಶಕರ ಜೊತೆ ಸೇರಿ ಸಂಘ ಹೊರಡಿಸಿತು. ಇಂಥ ಕಡೆ ಸ್ಥಾಯೀ ಸಮಿತಿಯೇ ಬೇಕು, ಏಕೆಂದರೆ ಪುಸ್ತಕ ತೆಗೆಸುವ ಒತ್ತಡ ಗಡುವು ನೋಡಿ ಬರುವುದಿಲ್ಲ. ಸಣ್ಣ ಊರಿನ ಗ್ರಂಥಪಾಲಕಿಯೊಬ್ಬರು ಒತ್ತಡಕ್ಕೆ ಸಿಕ್ಕಾಗ, ಇದು ನನ್ನ ಹಟವಲ್ಲ, ನನ್ನ ವೃತ್ತಿಯ ನಿಲುವು ಎಂದು ತೋರಿಸಲು ಅವರ ಕೈಯಲ್ಲಿ ಒಂದು ಕಾಗದ ಇರುತ್ತದೆ. ಸ್ವಯಂಸೇವಕರ ಸಮಿತಿಯೊಂದು ಕೊಡಬಲ್ಲ ದೊಡ್ಡ ಕೊಡುಗೆ ಇದು.

ಇನ್ನು ಖರ್ಚಿನ ವಿಷಯ. ಬಹಳ ಕಾಲ ಸಮಿತಿ ಸದಸ್ಯರು ವರ್ಷಕ್ಕೆ ಎರಡು ಸಲ, ಬೇಸಿಗೆಯ ವಾರ್ಷಿಕ ಸಮ್ಮೇಳನಕ್ಕೂ ಜನವರಿಯ ಆಸುಪಾಸಿನ ಚಳಿಗಾಲದ ಸಭೆಗೂ ಬರಬೇಕೆಂಬ ನಿರೀಕ್ಷೆ ಇತ್ತು. ವಿಮಾನ, ಹೋಟೆಲು, ನೋಂದಣಿ ಎಲ್ಲ ಸ್ವಂತದ್ದು ಅಥವಾ ಕೆಲಸ ಕೊಟ್ಟ ಸಂಸ್ಥೆಯದು. ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಪಾಲಕರಿಗೆ ಬಡ್ತಿಯ ಲೆಕ್ಕದಲ್ಲಿ ವೃತ್ತಿಸೇವೆಗೂ ಬೆಲೆ ಇರುವುದರಿಂದ ಅವರಿಗೆ ರಜೆಯೂ ಸಿಗುತ್ತಿತ್ತು, ಹಣವೂ ಸಿಗುತ್ತಿತ್ತು. ಹಳ್ಳಿ ಪೇಟೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಒಬ್ಬರೇ ಬಾಗಿಲು ತೆಗೆದು ಒಬ್ಬರೇ ಹಾಕುವವರಿಗೆ ಎರಡೂ ಇಲ್ಲ. ದೇಶದ ಎಲ್ಲ ಓದುಗರ ಪರವಾಗಿ ನಿಯಮ ಮಾಡುವ ಕೋಣೆಯಿಂದ ಅವರು ಹೊರಗುಳಿದರು. ನನ್ನ ಲೆಕ್ಕದಲ್ಲಿ ಈ ಪದ್ಧತಿಯ ಅತಿ ದೊಡ್ಡ ದೋಷ ಇದೇ. ಆಲಸ್ಯ, ವಿಳಂಬ, ಉದ್ದುದ್ದ ನಡಾವಳಿ ಎಲ್ಲ ಇದರ ಮುಂದೆ ಸಣ್ಣವು.

ಇತ್ತೀಚಿನ ಬದಲಾವಣೆಗಳು ಇದನ್ನು ಅಷ್ಟಿಷ್ಟು ಸರಿಪಡಿಸಿವೆ. ಚಳಿಗಾಲದ ಹಳೆಯ ಸಭೆ ನಿಂತುಹೋಯಿತು. ಸಮಿತಿಗಳ ಬಹುಪಾಲು ಕೆಲಸ ಈಗ ವಿಡಿಯೋ ಸಭೆಗಳಲ್ಲಿ ನಡೆಯುತ್ತದೆ. ಸೂಚೀಕರಣ, ತಂತ್ರಜ್ಞಾನ, ಆಡಳಿತಗಳ ಮೂರು ವಿಭಾಗಗಳು 2020ರ ಸೆಪ್ಟೆಂಬರ್‌ನಲ್ಲಿ ಒಂದಾಗಿ ‘ಕೋರ್’ ಎಂಬ ಹೆಸರು ಪಡೆದವು. ಹೊಸಬರು ಅನುಭವಿಗಳ ಪಕ್ಕ ಕೂತು ಕಲಿಯಲೆಂದು ಕೆಲವು ಸಮಿತಿಗಳಲ್ಲಿ ಇಂಟರ್ನ್ ಸ್ಥಾನಗಳೂ ಇವೆ. ಇವೆಲ್ಲ ಒಳ್ಳೆಯ ಹೆಜ್ಜೆಗಳು. ವಿಮಾನದ ಖರ್ಚು ಉಳಿದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಸದಸ್ಯರೊಬ್ಬರು ಸಮಿತಿಗೆ ಬರುವುದು ಕಾಗದದ ಮೇಲೆ ಸುಲಭವಾಗುತ್ತದೆ. ಆದರೆ ಸಂಘದ ಕೇಂದ್ರ ಕಚೇರಿಯಿರುವ ಚಿಕಾಗೋದಲ್ಲಿ ಚಳಿಗಾಲದ ನಡುಹಗಲು ಹನ್ನೆರಡಾದಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ತಿಂಗಳಿಗೊಂದು ಸಭೆಯಾದರೂ ಆ ಹೊತ್ತಿನಲ್ಲಿ ಗಮನವಿಟ್ಟು ಕೂರುವುದು ಎಲ್ಲರ ಕೈಲಾಗುವುದಿಲ್ಲ. ಸಭೆಯ ಹೊತ್ತನ್ನು ಸರದಿಯಂತೆ ಬದಲಿಸುವ ಸಮಿತಿ, ಸಭೆಗೆ ಬರಲಾಗದವರ ಲಿಖಿತ ಅಭಿಪ್ರಾಯಕ್ಕೂ ಸಮನಾದ ಬೆಲೆ ಕೊಡುವ ಸಮಿತಿ ಮಾತ್ರ ಈ ಅನುಕೂಲವನ್ನು ನಿಜ ಮಾಡಬಲ್ಲುದು.

ಅರ್ಜಿಯ ನಮೂನೆಯೂ ಬದಲಾಗಬೇಕು. ಸದಸ್ಯರ ಅನುಭವ, ಆಸಕ್ತಿಗಳನ್ನು ಕೇಳುವ ಸಂಘ ತನ್ನ ಕಡೆಯ ಮಾಹಿತಿಯನ್ನೂ ಅಷ್ಟೇ ಬಿಚ್ಚಿ ಹೇಳಬೇಕು: ಈ ಸಮಿತಿಯ ಕೆಲಸಕ್ಕೆ ತಿಂಗಳಿಗೆ ಎಷ್ಟು ಗಂಟೆ ಬೇಕು, ಕೈಯಿಂದ ಎಷ್ಟು ಖರ್ಚಾಗಬಹುದು, ಎಷ್ಟು ಅರ್ಜಿಗಳಿಗೆ ಎಷ್ಟು ಸ್ಥಾನ, ಕಳೆದ ಅವಧಿಯವರು ಏನನ್ನು ಮುಗಿಸಿದರು, ಏನನ್ನು ಬಿಟ್ಟುಹೋದರು. ಆಯ್ಕೆಯಾಗದವರಿಗೆ ಕಾರಣ ಹೇಳಿ ಒಂದು ಪತ್ರ ಹೋಗಬೇಕು. ಎರಡು ಅವಧಿಯಲ್ಲಿ ಒಂದು ವರದಿಯನ್ನೂ ಕೊಡದ ಸಮಿತಿಯನ್ನು ಮುಚ್ಚಿ, ಅದರ ಸ್ಥಾನಗಳನ್ನು ಕೆಲಸವಿರುವ ಕಡೆಗೆ ಕೊಡಬೇಕು. ಚಿಕಾಗೋದ ಸಂಘಕ್ಕೆ ಹೇಳುವ ಈ ಮಾತನ್ನು ನಮ್ಮ ರಾಜ್ಯದ ವೃತ್ತಿಸಂಘಗಳಿಗೂ ಅಷ್ಟೇ ಒತ್ತಿ ಹೇಳುತ್ತೇನೆ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಪದಾಧಿಕಾರಿಗಳ ಆಯ್ಕೆಗಿಂತ ಮೊದಲು ಸಮಿತಿಗಳ ವರದಿ ಬರಲಿ.