ಓಜೋನ್ ಮತ್ತು ರಕ್ತದ ಪ್ರೋಟೀನು: ಪ್ರಯೋಗಾಲಯದ ಸಾಕ್ಷ್ಯಕ್ಕೆ ಎಷ್ಟು ಬೆಲೆ?

ರಕ್ತದ ಪ್ರೋಟೀನುಗಳ ಮೇಲೆ ಓಜೋನ್ ಹಾಯಿಸಿ ಪರಿಣಾಮ ಅಳೆಯುವ ಪ್ರಯೋಗಗಳಿಗೆ ಅರ್ಧ ಶತಮಾನದ ಚರಿತ್ರೆಯಿದೆ. ವಿಧಾನ ಸರಳ. ದಾನಿಯ ರಕ್ತದಿಂದ ಕಣಗಳನ್ನು ಬೇರ್ಪಡಿಸಿ ಪ್ಲಾಸ್ಮಾ ತೆಗೆಯುತ್ತಾರೆ, ಇಲ್ಲವೇ ಆಲ್ಬುಮಿನ್, ಫೈಬ್ರಿನೋಜೆನ್ ಮುಂತಾದ ಒಂದೇ ಪ್ರೋಟೀನನ್ನು ಶುದ್ಧಗೊಳಿಸಿ ಬಫರ್ ದ್ರಾವಣದಲ್ಲಿ ಕರಗಿಸುತ್ತಾರೆ. ಆಮ್ಲಜನಕದಲ್ಲಿ ವಿದ್ಯುತ್ ಹಾಯಿಸಿ ತಯಾರಿಸಿದ ಓಜೋನನ್ನು ದ್ರವದ ಮೇಲೆ ಹರಿಸುತ್ತಾರೆ, ಅಥವಾ ಗುಳ್ಳೆಯಾಗಿ ಒಳಗೆ ಬಿಡುತ್ತಾರೆ. ನಿಗದಿತ ಹೊತ್ತಿಗೆ ಒಂದಿಷ್ಟು ದ್ರವ ತೆಗೆದು, ಪ್ರೋಟೀನಿನ ಯಾವ ಭಾಗ ಎಷ್ಟು ಕೆಟ್ಟಿದೆಯೆಂದು ನೋಡುತ್ತಾರೆ. ಈ ಪ್ರಯೋಗಗಳು ಕೊಟ್ಟ ರಸಾಯನಶಾಸ್ತ್ರ ಗಟ್ಟಿಯಾದದ್ದು. ಅದನ್ನು ಆಧಾರವಾಗಿಟ್ಟುಕೊಂಡು ಮನುಷ್ಯದೇಹದ ಬಗ್ಗೆ ಆಡುವ ಮಾತುಗಳಲ್ಲಿ ಬಹುಪಾಲು ಅಷ್ಟು ಗಟ್ಟಿಯಲ್ಲ. ಒಂದು ಕಡೆ ವಾಯುಮಾಲಿನ್ಯದ ಹಾನಿಗೆ, ಇನ್ನೊಂದು ಕಡೆ ಓಜೋನ್ ಚಿಕಿತ್ಸೆಯ ಸಮರ್ಥನೆಗೆ ಒಂದೇ ಬಗೆಯ ಪ್ರಯೋಗಗಳನ್ನು ಸಾಕ್ಷಿಗೆ ಕರೆಯಲಾಗುತ್ತಿದೆ. ಆದ್ದರಿಂದ ಈ ಸಾಕ್ಷ್ಯ ಎಲ್ಲಿಯವರೆಗೆ ಸಲ್ಲುತ್ತದೆಂದು ಪರೀಕ್ಷಿಸುವುದು ಅಗತ್ಯ.

ಓಜೋನ್ ಪ್ರೋಟೀನಿನ ಬೆನ್ನೆಲುಬನ್ನು, ಅಂದರೆ ಪೆಪ್ಟೈಡ್ ಸರಪಳಿಯನ್ನು, ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ಸರಪಳಿಯ ಪಕ್ಕದ ಗುಂಪುಗಳನ್ನು ಆರಿಸಿಕೊಂಡು ಉತ್ಕರ್ಷಿಸುತ್ತದೆ. 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಜೆ. ಬ್ರಯಾನ್ ಮಡ್ ಮತ್ತು ಸಂಗಡಿಗರು ಅಮೈನೊ ಆಮ್ಲಗಳನ್ನು ಅವು ಓಜೋನಿಗೆ ಬಲಿಯಾಗುವ ಕ್ರಮದಲ್ಲಿ ಜೋಡಿಸಿದರು: ಮೊದಲು ಸಿಸ್ಟೀನ್, ಅನಂತರ ಮೆಥಿಯೊನೀನ್, ಟ್ರಿಪ್ಟೊಫಾನ್, ಟೈರೊಸೀನ್, ಹಿಸ್ಟಿಡೀನ್. ಗಂಧಕ ಉಳ್ಳವು ಮತ್ತು ಉಂಗುರ ರಚನೆ ಉಳ್ಳವು ಮುಂದೆ, ಉಳಿದವು ಬಹಳ ಹಿಂದೆ. ಮುಂದಿನ ಅಳತೆಗಳು ಈ ಪಟ್ಟಿಯನ್ನು ಅಲ್ಲಲ್ಲಿ ತಿದ್ದಿದರೂ ಬುಡಮೇಲು ಮಾಡಲಿಲ್ಲ.

ಟ್ರಿಪ್ಟೊಫಾನಿನ ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಅದರ ಇಂಡೋಲ್ ಉಂಗುರದಲ್ಲಿರುವ ಒಂದು ದ್ವಿಬಂಧದ ಮೇಲೆ ಓಜೋನ್ ಎರಗುತ್ತದೆ. ಉಂಗುರ ಅಲ್ಲಿಯೇ ಬಿಚ್ಚಿಕೊಂಡು ಎನ್-ಫಾರ್ಮೈಲ್ ಕೈನ್ಯುರೆನೀನ್ ಎಂಬ ವಸ್ತುವಾಗುತ್ತದೆ. ನೇರಳಾತೀತ ಬೆಳಕು ಬಿದ್ದರೆ ಟ್ರಿಪ್ಟೊಫಾನ್ ಸುಮಾರು 340 ನ್ಯಾನೊಮೀಟರ್ ತರಂಗದೂರದಲ್ಲಿ ಹೊಳೆಯುತ್ತದೆ. ಉಂಗುರ ಒಡೆದಂತೆ ಆ ಹೊಳಪು ಕುಂದುತ್ತದೆ, ಆದ್ದರಿಂದ ಹಾನಿಯನ್ನು ನಡೆಯುತ್ತಿರುವಾಗಲೇ ಅಳೆಯಬಹುದು. ಮನುಷ್ಯನ ಆಲ್ಬುಮಿನ್ನಿನ 585 ಅಮೈನೊ ಆಮ್ಲಗಳಲ್ಲಿ ಟ್ರಿಪ್ಟೊಫಾನ್ ಇರುವುದು ಒಂದೇ, 214ನೇ ಸ್ಥಾನದಲ್ಲಿ. ಸ್ವತಂತ್ರವಾದ ಸಿಸ್ಟೀನ್ ಕೂಡ ಒಂದೇ, 34ನೇ ಸ್ಥಾನದಲ್ಲಿ. ಹೀಗಾಗಿ ಈ ಪ್ರೋಟೀನಿನಲ್ಲಿ ಬರೀ ಒಟ್ಟು ಹಾನಿಯನ್ನಲ್ಲ, ಯಾವ ಸ್ಥಾನಕ್ಕೆ ಪೆಟ್ಟು ಬಿತ್ತೆಂಬುದನ್ನೂ ಹೇಳಬಹುದು. ಅಷ್ಟು ನಿಖರತೆಗೆ ಅವಕಾಶವಿದ್ದೂ ಎಷ್ಟೋ ಪ್ರಯೋಗಗಳು ಉತ್ಕರ್ಷಣದಿಂದ ಪ್ರೋಟೀನಿನಲ್ಲಿ ಮೂಡುವ ಕಾರ್ಬೊನಿಲ್ ಗುಂಪುಗಳ ಒಟ್ಟಾರೆ ಲೆಕ್ಕಕ್ಕೆ ತೃಪ್ತಿಪಟ್ಟುಕೊಂಡಿರುವುದು ವಿಷಾದದ ಸಂಗತಿ.

ಈ ಕ್ಷೇತ್ರದ ಅತ್ಯುತ್ತಮ ಕೆಲಸ ಆಲ್ಫಾ-1 ಪ್ರೋಟಿನೇಸ್ ನಿರೋಧಕದ ಮೇಲೆ ನಡೆದದ್ದು. ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಹರಿಯುವ ಈ ಪ್ರೋಟೀನು ಶ್ವಾಸಕೋಶಕ್ಕೂ ಸೇರಿ, ಬಿಳಿ ರಕ್ತಕಣಗಳು ಹೊರಚೆಲ್ಲುವ ಇಲಾಸ್ಟೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಹುಟ್ಟಿನಿಂದಲೇ ಇದರ ತೀವ್ರ ಕೊರತೆ ಇರುವವರಿಗೆ ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಬರುವ ಅಪಾಯ ಹೆಚ್ಚು. ಕಿಣ್ವವನ್ನು ಹಿಡಿಯುವ ಜಾಗದಲ್ಲಿರುವುದು 358ನೇ ಅಮೈನೊ ಆಮ್ಲ, ಮೆಥಿಯೊನೀನ್. ಅದಕ್ಕೆ ಒಂದು ಆಮ್ಲಜನಕ ಪರಮಾಣು ಅಂಟಿಕೊಂಡು ಸಲ್ಫಾಕ್ಸೈಡ್ ಆದರೆ ಹಿಡಿತ ಸಡಿಲಗೊಳ್ಳುತ್ತದೆ. ಓಜೋನ್ ಈ ನಿರೋಧಕವನ್ನು ನಿಷ್ಕ್ರಿಯಗೊಳಿಸುತ್ತದೆಂದು ಡೇವಿಡ್ ಜಾನ್ಸನ್ 1980ರಲ್ಲಿ ತೋರಿಸಿದರು. ರಾಸಾಯನಿಕ ಬದಲಾವಣೆಯ ಜೊತೆಗೆ ಪ್ರೋಟೀನಿನ ಕೆಲಸವನ್ನೂ ಅಳೆದದ್ದು ಇಲ್ಲಿನ ಹಿರಿಮೆ: ಯಾವ ಗುಂಪು ಕೆಟ್ಟರೆ ಯಾವ ಕೆಲಸ ನಿಲ್ಲುತ್ತದೆ ಎಂಬ ಕೊಂಡಿ ಸಿಕ್ಕಿತು. ಆದರೂ ಇದನ್ನು ಓಜೋನಿನದೇ ವಿಶಿಷ್ಟ ಗುರುತೆಂದು ಓದುವಂತಿಲ್ಲ. ಸಿಗರೇಟಿನ ಹೊಗೆಯೂ ಉರಿಯೂತದಲ್ಲಿ ಬಿಳಿ ರಕ್ತಕಣಗಳೇ ಉತ್ಪಾದಿಸುವ ಉತ್ಕರ್ಷಕಗಳೂ ಅದೇ ಮೆಥಿಯೊನೀನನ್ನು ಕೆಡಿಸುತ್ತವೆ. ರೋಗಿಯ ಶ್ವಾಸಕೋಶದಲ್ಲಿ ಸಲ್ಫಾಕ್ಸೈಡ್ ಸಿಕ್ಕಿತೆಂದರೆ ಕಾರಣ ಓಜೋನೇ ಎಂದು ಹೇಳಲಾಗದು.

1992ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಕ್ಯಾರಲ್ ಕ್ರಾಸ್, ಬ್ಯಾರಿ ಹ್ಯಾಲಿವೆಲ್ ಮುಂತಾದವರು ಶುದ್ಧ ಪ್ರೋಟೀನನ್ನು ಬಿಟ್ಟು ಇಡೀ ಪ್ಲಾಸ್ಮಾವನ್ನು 16 ಪಿಪಿಎಂ (ಹತ್ತು ಲಕ್ಷ ಪಾಲಿಗೆ 16 ಪಾಲು) ಓಜೋನಿಗೆ ಒಡ್ಡಿದರು. ಅಲ್ಲಿ ಬೇಗ ಖರ್ಚಾದವು ಯೂರಿಕ್ ಆಮ್ಲ ಮತ್ತು ವಿಟಮಿನ್ ಸಿ. ಪ್ರೋಟೀನು ಒಂಟಿಯಾಗಿ ಓಜೋನನ್ನು ಎದುರಿಸುವುದಿಲ್ಲ, ಅದರ ಮುಂದೆ ಸಣ್ಣ ಅಣುಗಳ ಕಾವಲಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಬಫರ್‌ನಲ್ಲಿ ಒಂಟಿ ಪ್ರೋಟೀನನ್ನಿಟ್ಟು ಮಾಡಿದ ಹಿಂದಿನ ಮುಂದಿನ ಎಲ್ಲ ಪ್ರಯೋಗಗಳನ್ನೂ ಈ ಫಲಿತಾಂಶದ ಪಕ್ಕದಲ್ಲಿಟ್ಟೇ ಓದಬೇಕು.

ಮಾಸ್ಕೋದ ಎಮಾನ್ಯುಯೆಲ್ ಸಂಸ್ಥೆಯಲ್ಲಿ ಮಾರ್ಕ್ ರೋಸೆನ್‌ಫೆಲ್ಡ್ ತಂಡ ಫೈಬ್ರಿನೋಜೆನ್ ಮೇಲೆ ನಡೆಸಿದ ಸರಣಿ ಅಧ್ಯಯನಗಳನ್ನೂ ಹೀಗೆಯೇ ತೂಗಬೇಕು. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಳೆಯಾಗುವ ಈ ದೊಡ್ಡ ಪ್ರೋಟೀನಿನ ನಡುವೆ ಇ ಎಂಬ ಭಾಗ, ಎರಡು ತುದಿಗಳಲ್ಲಿ ಡಿ ಎಂಬ ಭಾಗಗಳಿವೆ. ಓಜೋನ್ ತುದಿಗಳನ್ನೇ ಹೆಚ್ಚು ಕೆಡಿಸುತ್ತದೆ, ಫೈಬ್ರಿನ್ ಜೋಡಣೆ ಅದರಿಂದ ವ್ಯತ್ಯಾಸಗೊಳ್ಳುತ್ತದೆ ಎಂದು ಆ ತಂಡ ಕಂಡುಕೊಂಡಿತು. ರಚನೆಯ ಅಧ್ಯಯನವಾಗಿ ಇದು ಅಚ್ಚುಕಟ್ಟಾದ ಕೆಲಸ. ಆದರೆ ಲೀಟರ್ ಪ್ಲಾಸ್ಮಾದಲ್ಲಿ ಫೈಬ್ರಿನೋಜೆನ್ ಇರುವುದು ಸುಮಾರು 9 ಮೈಕ್ರೊಮೋಲ್. ಅದರ ಸುತ್ತ ಆಲ್ಬುಮಿನ್ 600 ಮೈಕ್ರೊಮೋಲಿನಷ್ಟಿದೆ. ಶುದ್ಧ ದ್ರಾವಣದಲ್ಲಿ ಪೂರಾ ಪೆಟ್ಟನ್ನು ತಾನೇ ತಿನ್ನುವ ಫೈಬ್ರಿನೋಜೆನ್‌ಗೆ ರಕ್ತದಲ್ಲಿ ಬೀಳುವ ಪಾಲು ಬಹಳ ಚಿಕ್ಕದು. ಎಲ್ಲ ಪ್ರೋಟೀನುಗಳೂ ಒಂದೇ ರೀತಿ ನಲುಗುವುದಿಲ್ಲ ಎಂಬುದಕ್ಕೆ 1996ರ ಬರ್ಲೆಟ್, ಲೆವಿನ್, ಸ್ಟಾಟ್‌ಮನ್ ಅವರ ಹೋಲಿಕೆಯೂ ಇದೆ. ಹಸುವಿನ ಆಲ್ಬುಮಿನ್ ಮತ್ತು ಗ್ಲುಟಮಿನ್ ಸಿಂಥಟೇಸ್ ಎಂಬ ಕಿಣ್ವ ಎರಡನ್ನೂ ಓಜೋನಿಗೆ ಒಡ್ಡಿದಾಗ, ಎರಡರಲ್ಲೂ ಮೆಥಿಯೊನೀನ್ ಮತ್ತು ಉಂಗುರವುಳ್ಳ ಅಮೈನೊ ಆಮ್ಲಗಳು ಕೆಟ್ಟರೂ ಒಟ್ಟು ರಚನೆಯ ಮೇಲಾದ ಪರಿಣಾಮ ಬೇರೆಬೇರೆಯಾಗಿತ್ತು.

ಈ ಪ್ರಯೋಗಪದ್ಧತಿಯ ದೊಡ್ಡ ದೋಷ ಡೋಸನ್ನು ಹೇಳುವ ರೀತಿಯಲ್ಲಿದೆ. ಎಷ್ಟೋ ವರದಿಗಳು ಅನಿಲದಲ್ಲಿ ಓಜೋನ್ ಎಷ್ಟು ಪಿಪಿಎಂ ಇತ್ತು, ಎಷ್ಟು ನಿಮಿಷ ಹಾಯಿಸಲಾಯಿತು ಎಂದಷ್ಟೇ ತಿಳಿಸುತ್ತವೆ. ದ್ರವ ಹೀರಿಕೊಂಡದ್ದು ಎಷ್ಟು ಎಂಬುದೇ ಅಲ್ಲಿಲ್ಲ. ಲೆಕ್ಕ ಹಾಕಿ ನೋಡಿದರೆ ತೊಡಕು ತಿಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ 16 ಪಿಪಿಎಂ ಇರುವ ಒಂದು ಲೀಟರ್ ಅನಿಲದಲ್ಲಿ ಸುಮಾರು 0.65 ಮೈಕ್ರೊಮೋಲ್ ಓಜೋನ್ ಇರುತ್ತದೆ. 10 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಯೂರಿಕ್ ಆಮ್ಲ ಸುಮಾರು 3 ಮೈಕ್ರೊಮೋಲ್, ವಿಟಮಿನ್ ಸಿ ಅರ್ಧ ಮೈಕ್ರೊಮೋಲ್. ಒಂದಕ್ಕೊಂದರಂತೆ ವರ್ತಿಸುತ್ತವೆಂದು ಹಿಡಿದು ನಿಮಿಷಕ್ಕೆ ಒಂದು ಲೀಟರ್ ಅನಿಲ ಹರಿಸಿದರೆ, ಎಲ್ಲ ಓಜೋನೂ ಹೀರಲ್ಪಟ್ಟಾಗ ಈ ಕಾವಲು ಐದೂವರೆ ನಿಮಿಷದೊಳಗೆ ಮುಗಿಯುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಹೀರಲ್ಪಟ್ಟರೆ ಅದು ಮುಗಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಪಾತ್ರೆಯ ಅಗಲ, ಕಲಕುವ ವೇಗ, ಗುಳ್ಳೆಯ ಗಾತ್ರ ಬದಲಾದರೆ ಫಲಿತಾಂಶವೇ ಬದಲಾಗುವಾಗ, ಬರೀ ಪಿಪಿಎಂ ಮತ್ತು ನಿಮಿಷದ ಮೇಲೆ ಎರಡು ಪ್ರಯೋಗಾಲಯಗಳ ಫಲಿತಾಂಶ ಹೋಲಿಸುವುದು ಸರಿಯಲ್ಲ. ಒಳಬಂದ ಓಜೋನಿನಿಂದ ಹೊರಹೋದ ಓಜೋನನ್ನು ಕಳೆದು, ಪ್ರೋಟೀನಿನ ಮೋಲ್ ಒಂದಕ್ಕೆ ಎಷ್ಟು ಮೋಲ್ ಓಜೋನ್ ಹೀರಲ್ಪಟ್ಟಿತೆಂದು ಕೊಡಬೇಕು. ಕಷ್ಟದ ಕೆಲಸವೇನಲ್ಲ, ಮಾಡದಿರಲು ಯಾವ ನೆಪವೂ ಸಾಲದು.

ಹೋಲಿಕೆಗೆ ಇಟ್ಟ ಮಾದರಿಗಳಲ್ಲೂ ಎಚ್ಚರ ಬೇಕು. ಗುಳ್ಳೆ ಬಿಟ್ಟರೆ ನೊರೆ ಏಳುತ್ತದೆ, ಅನಿಲ ದ್ರವ ಸೇರುವ ಅಂಚಿನಲ್ಲಿ ಪ್ರೋಟೀನು ಓಜೋನಿಲ್ಲದೆಯೂ ಮಡಿಕೆ ಬಿಚ್ಚಿಕೊಳ್ಳುತ್ತದೆ. ಅಷ್ಟೇ ವೇಗದಲ್ಲಿ ಬರೀ ಆಮ್ಲಜನಕ ಹಾಯಿಸಿದ ಮಾದರಿಯ ಜೊತೆ ಹೋಲಿಸದಿದ್ದರೆ ನೊರೆಯ ಹಾನಿ ಓಜೋನಿನ ಖಾತೆಗೆ ಜಮೆಯಾಗುತ್ತದೆ. ಆಮ್ಲಜನಕದ ಬದಲು ಗಾಳಿಯಿಂದ ಓಜೋನ್ ತಯಾರಿಸಿದರೆ ನೈಟ್ರೋಜನ್ ಆಕ್ಸೈಡುಗಳೂ ಜೊತೆಗೆ ಬರುತ್ತವೆ. ಕಾರ್ಬೊನಿಲ್ ಅಳೆಯುವ ಬಣ್ಣದ ಪರೀಕ್ಷೆಯಲ್ಲಿ, ಕೆಂಪು ಕಣ ಒಡೆದು ಪ್ಲಾಸ್ಮಾಕ್ಕೆ ಸೇರಿದ ಹಿಮೋಗ್ಲೋಬಿನ್ ಅಳತೆಯನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಉಸಿರಾಡಿದ ಓಜೋನ್ ರಕ್ತವನ್ನು ಮುಟ್ಟುತ್ತದೆಯೇ ಎಂಬುದು. ಲೂಸಿಯಾನದ ವಿಲಿಯಂ ಪ್ರಯರ್ 1992ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಶ್ವಾಸಕೋಶದ ಒಳಮೈಯ ದ್ರವಪದರ ಸುಮಾರು 0.1 ಮೈಕ್ರಾನಿಗಿಂತ ದಪ್ಪವಿದ್ದರೆ ಓಜೋನ್ ಓಜೋನಾಗಿಯೇ ಅದನ್ನು ದಾಟಲಾರದು. ದಾರಿಯಲ್ಲೇ ವರ್ತಿಸಿ ಮುಗಿಯುತ್ತದೆ, ಮುಂದೆ ಸಾಗುವುದು ಅದರ ಉತ್ಪನ್ನಗಳು. ಪ್ಲಾಸ್ಮಾ ಬಳಸಿದ ಹಲವು ಸಂಶೋಧಕರು ಇದನ್ನು ಬಲ್ಲವರೇ. ಅವರಿಗೆ ಪ್ಲಾಸ್ಮಾ ಶ್ವಾಸಕೋಶದ ದ್ರವಪದರದ ಬದಲಿ ಮಾದರಿಯಾಗಿತ್ತು. ಆ ಬದಲಿಯೂ ಪೂರ್ತಿ ಹೊಂದುವುದಿಲ್ಲ. ಶ್ವಾಸಕೋಶದ ದ್ರವಪದರದಲ್ಲಿ ಗ್ಲುಟಥಯೋನ್ ಎಂಬ ಉತ್ಕರ್ಷಣ ನಿರೋಧಕ ಪ್ಲಾಸ್ಮಾದಲ್ಲಿರುವುದರ ನೂರು ಪಟ್ಟಿಗೂ ಮಿಗಿಲು. ಸಾಂದ್ರತೆಯ ಅಂತರವೂ ಅಗಾಧ: ಭಾರತದ 2009ರ ಮಾನದಂಡ ಎಂಟು ಗಂಟೆಯ ಸರಾಸರಿಯಾಗಿ ಘನಮೀಟರಿಗೆ 100 ಮೈಕ್ರೋಗ್ರಾಂ ಓಜೋನನ್ನು ಮಿತಿಯಾಗಿ ಇಟ್ಟಿದೆ, 16 ಪಿಪಿಎಂ ಅದರ 300 ಪಟ್ಟಿಗೂ ಹೆಚ್ಚು.

ರಕ್ತದಲ್ಲಿ ಬದಲಾವಣೆಯೇ ಆಗುವುದಿಲ್ಲ ಎಂದು ಇದರ ಅರ್ಥವಲ್ಲ. 2012ರಲ್ಲಿ ಪ್ರಕಟವಾದ ರಾಬರ್ಟ್ ಡೆವ್ಲಿನ್ ತಂಡದ ಅಧ್ಯಯನದಲ್ಲಿ 23 ಮಂದಿ ಆರೋಗ್ಯವಂತ ಯುವಜನರು ನಡುನಡುವೆ ವ್ಯಾಯಾಮ ಮಾಡುತ್ತ ಎರಡು ಗಂಟೆ 0.3 ಪಿಪಿಎಂ ಓಜೋನ್ ಉಸಿರಾಡಿದರು. ಅವರ ರಕ್ತದಲ್ಲಿ ಉರಿಯೂತದ ಸೂಚಕಗಳೂ, ಹೆಪ್ಪನ್ನು ಕರಗಿಸುವ ವ್ಯವಸ್ಥೆಯ ಪ್ರೋಟೀನುಗಳ ಪ್ರಮಾಣವೂ ಬದಲಾದವು. ಶ್ವಾಸಕೋಶಕ್ಕಾದ ಗಾಯಕ್ಕೆ ದೇಹ ತೋರಿದ ಪ್ರತಿಕ್ರಿಯೆಯಾಗಿ ಇದನ್ನು ಓದುವುದೇ ಯುಕ್ತ. ಗಾಜಿನ ಪಾತ್ರೆಯ ಪ್ಲಾಸ್ಮಾದಲ್ಲಿ ಶ್ವಾಸಕೋಶವೂ ಇಲ್ಲ, ಯಕೃತ್ತೂ ಇಲ್ಲ. ಈ ಬಗೆಯ ಬದಲಾವಣೆ ಅಲ್ಲಿ ಕಾಣುವುದು ಸಾಧ್ಯವೇ ಇಲ್ಲ.

ರಕ್ತಕ್ಕೆ ಓಜೋನ್ ನೇರವಾಗಿ ತಾಗುವ ಸಂದರ್ಭ ಒಂದಿದೆ: ರೋಗಿಯ ರಕ್ತವನ್ನು ಹೊರತೆಗೆದು, ಓಜೋನ್ ಬೆರೆಸಿ, ಮತ್ತೆ ದೇಹಕ್ಕೆ ಹಾಯಿಸುವ ಚಿಕಿತ್ಸೆ. ಗಾಜಿನ ಪಾತ್ರೆಯ ಪ್ರಯೋಗ ಅಕ್ಷರಶಃ ಅನ್ವಯಿಸುವುದು ಇಲ್ಲಿಯೇ. ಇಟಲಿಯ ಸಿಯೆನಾದ ವೇಲಿಯೊ ಬೋಚ್ಚಿ ಇದನ್ನು ದಶಕಗಳ ಕಾಲ ಪ್ರತಿಪಾದಿಸಿದರು. ಪ್ಲಾಸ್ಮಾದ ಉತ್ಕರ್ಷಣ ನಿರೋಧಕಗಳು ಓಜೋನನ್ನು ಪಳಗಿಸುತ್ತವೆ, ಮಿತವಾದ ಪೆಟ್ಟು ದೇಹದ ರಕ್ಷಣೆಯನ್ನು ಚುರುಕುಗೊಳಿಸುತ್ತದೆ ಎಂಬುದು ಅವರ ವಾದ. 100 ಮಿಲಿಲೀಟರ್ ರಕ್ತಕ್ಕೆ, ಮಿಲಿಲೀಟರಿಗೆ 40 ಮೈಕ್ರೋಗ್ರಾಂ ಓಜೋನ್ ಇರುವ 100 ಮಿಲಿಲೀಟರ್ ಅನಿಲ ಬೆರೆಸಿದರೆ ಒಟ್ಟು 4 ಮಿಲಿಗ್ರಾಂ, ಅಂದರೆ ಸುಮಾರು 83 ಮೈಕ್ರೊಮೋಲ್ ಓಜೋನ್ ಆಗುತ್ತದೆ. ಅಷ್ಟು ರಕ್ತದ ಪ್ಲಾಸ್ಮಾದಲ್ಲಿ ಯೂರಿಕ್ ಆಮ್ಲ ಮತ್ತು ವಿಟಮಿನ್ ಸಿ ಎರಡೂ ಸೇರಿ 20 ಮೈಕ್ರೊಮೋಲ್ ಕೂಡ ಆಗುವುದಿಲ್ಲ. ಮಿಕ್ಕ ಓಜೋನ್ ಕೊಬ್ಬಿನ ಅಣು, ಕೆಂಪು ಕಣ ಮತ್ತು ಪ್ರೋಟೀನುಗಳ ಮೇಲೆಯೇ ಖರ್ಚಾಗಬೇಕು. ಆ ಪ್ಲಾಸ್ಮಾದಲ್ಲಿರುವ ಆಲ್ಬುಮಿನ್ ಸುಮಾರು 33 ಮೈಕ್ರೊಮೋಲ್. ಪ್ರೋಟೀನಿಗೆ ಏನೂ ಆಗದೆಂಬ ಭರವಸೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಓಜೋನ್ ವಿಷಾನಿಲ, ಅದಕ್ಕೆ ತಿಳಿದಿರುವ ವೈದ್ಯಕೀಯ ಉಪಯೋಗವಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ಹೇಳುತ್ತದೆ. ಈ ಚಿಕಿತ್ಸೆ ನೀಡುವವರು ದೇಹಕ್ಕೆ ಮರಳಿಸುವ ಪ್ರತಿ ಚೀಲ ರಕ್ತದಲ್ಲೂ ಆಲ್ಬುಮಿನ್ನಿನ 34ನೇ ಸಿಸ್ಟೀನ್, ಆಲ್ಫಾ-1 ಪ್ರೋಟಿನೇಸ್ ನಿರೋಧಕದ 358ನೇ ಮೆಥಿಯೊನೀನ್ ಮತ್ತು ಫೈಬ್ರಿನೋಜೆನ್ ಹೆಪ್ಪುಗಟ್ಟುವ ವೇಗ ಓಜೋನಿಗೆ ಮುಂಚೆ ಎಷ್ಟಿತ್ತು, ಅನಂತರ ಎಷ್ಟಾಯಿತು ಎಂಬುದನ್ನು ಮಾದರಿ ತೆಗೆದು ತೋರಿಸಲು ಸಾಧ್ಯ. ಅದಕ್ಕೆ ಬೇಕಾದ ವಿಧಾನಗಳೆಲ್ಲ ಮೇಲಿನ ಪ್ರಯೋಗಗಳಲ್ಲಿ ಆಗಲೇ ಇವೆ.