ಸಾವಿನ ಹೊಸ್ತಿಲಲ್ಲಿ ನಗೆ: ‘ಅಕ್ಟೋಬರ್ ರಸ್ಟ್’ ಕುರಿತು ಒಂದು ರಸವಿಮರ್ಶೆ

ಹಾಸ್ಯಕ್ಕೂ ಕರುಣಕ್ಕೂ ಹಗೆತನವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ವಿಶ್ವನಾಥನ ‘ಸಾಹಿತ್ಯದರ್ಪಣ’ವಂತೂ ಭಯಾನಕ ಮತ್ತು ಕರುಣ ಎರಡನ್ನೂ ಹಾಸ್ಯದ ವಿರೋಧಿ ರಸಗಳೆಂದೇ ಎಣಿಸುತ್ತದೆ. ಆದರೆ ನಮ್ಮ ಮೊರಪ್ಪೂರಿನ ಸೀಮೆಯಲ್ಲಿ ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡಾಗ ಕಾಣುವ ನೋಟವೇ ಬೇರೆ. ಒಂದು ಕಡೆ ಹೆಂಗಸರು ಒಪ್ಪಾರಿ ಹಾಡುತ್ತ, ಸತ್ತವರನ್ನು ಹೊಗಳುತ್ತ, ಬಿಟ್ಟು ಹೋದದ್ದಕ್ಕೆ ಬೈಯುತ್ತ ಅಳುತ್ತಿರುತ್ತಾರೆ. ಇನ್ನೊಂದು ಕಡೆ ಪರೆಯ ಬಡಿತಕ್ಕೆ ಹುಡುಗರು ಕುಣಿಯುತ್ತಿರುತ್ತಾರೆ. ತಮಿಳಿನಲ್ಲಿ ಇದಕ್ಕೆ ‘ಕಲ್ಯಾಣ ಸಾವು’ ಎಂದೇ ಹೆಸರು. ಶಾಸ್ತ್ರವು ಬೇರ್ಪಡಿಸಿದ ಎರಡನ್ನು ಲೋಕವು ಒಂದೇ ಬೀದಿಯಲ್ಲಿ ನಡೆಸುತ್ತದೆ. ಈ ಕೂಡಿಕೆ ಕಲೆಯಲ್ಲಿ ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಯನ್ನು ದೂರದೇಶದ ಒಂದು ಗೀತಸಂಪುಟವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಆ ಸಂಪುಟದ ಹೆಸರು ‘ಅಕ್ಟೋಬರ್ ರಸ್ಟ್’. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ‘ಟೈಪ್ ಓ ನೆಗೆಟಿವ್’ ಎಂಬ ತಂಡ ಇದನ್ನು 1996ರಲ್ಲಿ ಹೊರತಂದಿತು. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗನ ಮೂಲಕ ಇದು ನನ್ನ ಕೈಸೇರಿತು. ಇದನ್ನು ‘ಗಾಥಿಕ್ ಮೆಟಲ್’ ಎಂಬ ಪ್ರಕಾರಕ್ಕೆ ಸೇರಿಸುತ್ತಾರೆ. ‘ಗಾಥಿಕ್’ ಎಂಬ ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1764ರಲ್ಲಿ ಹಾರೇಸ್ ವಾಲ್ಪೋಲ್ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯಿಂದ ಮೊದಲಾಗಿ ಪಾಳುಕೋಟೆ, ಗೋರಿ, ಪ್ರೇತಗಳ ಕಥನಪರಂಪರೆಗೆ ಆ ಹೆಸರಿದೆ. ‘ಮೆಟಲ್’ ಎಂಬುದು 1970ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ ‘ಬ್ಲ್ಯಾಕ್ ಸಬತ್’ ತಂಡದಿಂದ ರೂಪುಗೊಂಡ ಭಾರವಾದ ಗಿಟಾರ್ ಸಂಗೀತ. ಇವೆರಡರ ಬೆಸುಗೆ 1990ರ ದಶಕದ ಆರಂಭದಲ್ಲಿ ಆಯಿತು. ಇಂಗ್ಲೆಂಡಿನ ‘ಪ್ಯಾರಡೈಸ್ ಲಾಸ್ಟ್’ ತಂಡದ 1991ರ ಸಂಪುಟದ ಹೆಸರೇ ‘ಗಾಥಿಕ್’. ತಂತಿಗಳ ಶ್ರುತಿಯನ್ನು ಬಹಳ ಇಳಿಸಿ, ಲಯವನ್ನು ನಿಧಾನಿಸಿ, ಹಾಡನ್ನು ಏಳೆಂಟು ನಿಮಿಷಗಳವರೆಗೆ ಎಳೆಯುವುದು ನಮ್ಮ ತಂಡದ ರೀತಿ. ವಿಳಂಬಕಾಲಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ತಂಡದ ನಾಯಕ ಪೀಟರ್ ಸ್ಟೀಲ್‌ನ ಮಂದ್ರಸ್ಥಾಯಿಯ ಕಂಠ ಇದಕ್ಕೆಲ್ಲ ತಳಹದಿ.

ಸಂಪುಟವು ಆರಂಭವಾಗುವುದು ಒಂದು ಕೀಟಲೆಯಿಂದ. ಮೊದಲ ಅರ್ಧ ನಿಮಿಷಕ್ಕೂ ಮಿಕ್ಕಿ ಹಾಡೇ ಇಲ್ಲ. ಕೆಟ್ಟುಹೋದ ಧ್ವನಿವರ್ಧಕದ ‘ಗುಂಯ್’ ಎಂಬ ಸದ್ದು ಮಾತ್ರ. ಕೇಳುಗನು ಯಂತ್ರ ಹಾಳಾಯಿತೆಂದು ಗಾಬರಿಯಿಂದ ವೈರುಗಳನ್ನು ತಡಕಾಡಬೇಕು, ಅಷ್ಟೇ ಇದರ ಉದ್ದೇಶ. ಇದರ ಶೀರ್ಷಿಕೆ ‘ಬ್ಯಾಡ್ ಗ್ರೌಂಡ್’. ವಿದ್ಯುತ್ ಕೆಲಸದವರ ಮಾತಿನಲ್ಲಿ ಇದರರ್ಥ ಅರ್ಥಿಂಗ್ ಸರಿಯಿಲ್ಲವೆಂದು. ಸಾಮಾನ್ಯ ಮಾತಿನಲ್ಲಿ ಕೆಟ್ಟ ನೆಲವೆಂದು. ಗೋರಿಗಳ ಲೋಕಕ್ಕೆ ಕರೆದೊಯ್ಯುವ ಕೃತಿಗೆ ಈ ಶ್ಲೇಷೆ ಸೊಗಸಾದ ನಾಂದಿ. ಮರುಕ್ಷಣವೇ ತಂಡದವರು ನಗು ತಡೆಯಲಾರದೆ ತಮ್ಮ ಪರಿಚಯ ಹೇಳಿಕೊಂಡು, ಸಂಪುಟ ಕೊಂಡದ್ದಕ್ಕೆ ವಂದನೆ ಸಲ್ಲಿಸುತ್ತಾರೆ. ಎಲ್ಲ ಮುಗಿದ ಮೇಲೆ, ತಮ್ಮಲ್ಲಿ ಇದ್ದದ್ದು ಇಷ್ಟೇ ಎಂಬ ಧಾಟಿಯಲ್ಲಿ ಬೀಳ್ಕೊಡುತ್ತಾರೆ. ನಮ್ಮ ಕಾವ್ಯಗಳ ಪೀಠಿಕೆಯಲ್ಲಿ ಬರುವ ಕವಿವಿನಯ ಇಲ್ಲಿ ತುಂಟತನದ ವೇಷ ತೊಟ್ಟಿದೆ.

ಈ ನಗೆಗಳ ನಡುವೆ ಇರುವುದಾದರೋ 70 ನಿಮಿಷಕ್ಕೂ ಮೀರಿದ ಪ್ರೇಮ, ಋತು, ಮರಣಗಳ ಗಾನ. ನ್ಯೂಯಾರ್ಕಿನ ಉದ್ಯಾನವನ ಇಲಾಖೆಯಲ್ಲಿ ದುಡಿದಿದ್ದ ಸ್ಟೀಲ್ ‘ಗ್ರೀನ್ ಮ್ಯಾನ್’ ಹಾಡಿನಲ್ಲಿ ಋತುಚಕ್ರವನ್ನು ತೋಟಗಾರನ ಕಣ್ಣಿನಿಂದ ನೋಡುತ್ತಾನೆ. ಅದರ ಮುಂದಿನ ‘ರೆಡ್ ವಾಟರ್’ ಈ ಸಂಪುಟದ ಹೃದಯ. ಕ್ರಿಸ್‌ಮಸ್ ಊಟದ ಮೇಜಿನ ಸುತ್ತ ಕಳೆದ ವರ್ಷ ಕುಳಿತವರಲ್ಲಿ ಹಲವರು ಈ ವರ್ಷ ಇಲ್ಲ, ಹಬ್ಬವೇ ಶೋಕವಾಗಿದೆ. ಇದರ ಉಪಶೀರ್ಷಿಕೆಯಲ್ಲಿಯೂ ಒಂದು ಶ್ಲೇಷೆ ಅಡಗಿದೆ. ಇಂಗ್ಲಿಷಿನಲ್ಲಿ ಬೆಳಗು ಮತ್ತು ಶೋಕ ಎಂಬ ಎರಡು ಪದಗಳ ಕಾಗುಣಿತ ಬೇರೆ, ಉಚ್ಚಾರಣೆ ಒಂದೇ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ಮಾರ್ನಿಂಗ್’ ಆಗಿ, ಭೇದವೇ ಅಳಿಸಿಹೋಗುತ್ತದೆ. ಕವಿಗೆ ಬೇಕಾದದ್ದೂ ಅದೇ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟು, ವರ್ಷದಿಂದ ವರ್ಷಕ್ಕೆ ಎಡೆಗಳ ಸಂಖ್ಯೆ ಹೆಚ್ಚಿ ಉಣ್ಣುವವರ ಸಂಖ್ಯೆ ಇಳಿಯುವುದನ್ನು ಕಂಡ ಯಾರಿಗೂ ಈ ಹಾಡಿಗೆ ಟೀಕು ಬೇಕಾಗದು.

ಇನ್ನು ರಸಗಳ ವಿಚಾರ. ವಿರುದ್ಧ ರಸಗಳನ್ನು ಒಂದೆಡೆ ತರಬೇಕಾದರೆ ಅವುಗಳ ನಡುವೆ ಎರಡಕ್ಕೂ ಹೊಂದುವ ಮೂರನೆಯ ರಸವನ್ನಿಡಬೇಕೆಂಬುದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ತೋರಿಸಿದ ಉಪಾಯಗಳಲ್ಲೊಂದು. ಈ ಸಂಪುಟದ ಆರಂಭದ ನಗೆಗೂ ‘ರೆಡ್ ವಾಟರ್’ನ ಶೋಕಕ್ಕೂ ನಡುವೆ ‘ಲವ್ ಯೂ ಟು ಡೆತ್’ ಮೊದಲಾದ ಶೃಂಗಾರದ ಹಾಡುಗಳಿವೆ. ಶೃಂಗಾರದಿಂದಲೇ ಹಾಸ್ಯ ಹುಟ್ಟುವುದೆಂದು ಭರತಮುನಿಯ ಮತ. ಅಗಲಿಕೆಯಾದಾಗ ಆ ಶೃಂಗಾರವೇ ಕರುಣದ ಕಡೆಗೆ ವಾಲುವುದೆಂಬುದು ಎಲ್ಲರ ಅನುಭವ. ಬ್ರೂಕ್ಲಿನ್ನಿನ ಹುಡುಗರು ಆನಂದವರ್ಧನನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಕಲಾವಿದನ ಸಹಜಪ್ರಜ್ಞೆಯೂ ಶಾಸ್ತ್ರಕಾರನ ವಿವೇಚನೆಯೂ ಒಂದೇ ಕಡೆ ಬಂದು ಸೇರುತ್ತವೆ ಎಂಬುದಷ್ಟೇ ನನ್ನ ಮಾತು.

ಇದೇ ಒರೆಗಲ್ಲಿಗೆ ಹಚ್ಚಿದಾಗ ಸಂಪುಟದ ದೋಷವೂ ಕಾಣುತ್ತದೆ. ‘ರೆಡ್ ವಾಟರ್’ ಮುಗಿದ ಬೆನ್ನಲ್ಲೇ ‘ಮೈ ಗರ್ಲ್‌ಫ್ರೆಂಡ್ಸ್ ಗರ್ಲ್‌ಫ್ರೆಂಡ್’ ಎಂಬ ಚೆಲ್ಲಾಟದ ಹಾಡು ಬರುತ್ತದೆ. ಕಣ್ಣೀರು ಆರುವ ಮೊದಲೇ ಕಚಗುಳಿಯಿಟ್ಟಂತಾಯಿತು. ಇದು ಔಚಿತ್ಯಭಂಗ. ಅಳುವುದಕ್ಕೆ ನಾಚಿ ಅವಸರದಲ್ಲಿ ನಕ್ಕವನ ಮುಖ ಇಲ್ಲಿ ಕಾಣಿಸಿಕೊಳ್ಳುತ್ತದೆ. ಕರಾಳ ಹಾಸ್ಯವು ದುಃಖವನ್ನು ತಾಳಿಕೊಳ್ಳಲು ಊರುಗೋಲಾದಾಗ ಬೆಳಗುತ್ತದೆ; ದುಃಖದಿಂದ ತಪ್ಪಿಸಿಕೊಳ್ಳುವ ಹಿಂಬಾಗಿಲಾದಾಗ ಸೊರಗುತ್ತದೆ.

ಈ ಅಪಾಯ ಸ್ಟೀಲ್‌ನ ಬದುಕಿನಲ್ಲಿಯೂ ಇತ್ತು. 2005ರಲ್ಲಿ ತಂಡದ ಜಾಲತಾಣದಲ್ಲಿ ಅವನ ಹುಟ್ಟಿದ ವರ್ಷದೊಡನೆ ಅದೇ ವರ್ಷವನ್ನು ಮರಣದ ವರ್ಷವಾಗಿ ಕೆತ್ತಿದ ಸಮಾಧಿಕಲ್ಲಿನ ಚಿತ್ರ ಪ್ರಕಟವಾಯಿತು. ಅಭಿಮಾನಿಗಳು ಕಂಗಾಲಾದರು, ಅದು ಬರಿಯ ತಮಾಷೆಯಾಗಿತ್ತು. 2010ರ ಏಪ್ರಿಲ್ 14ರಂದು ಅವನು 48ನೆಯ ವಯಸ್ಸಿನಲ್ಲಿ ನಿಜವಾಗಿಯೇ ತೀರಿಕೊಂಡಾಗ, ಇದೂ ತಮಾಷೆಯಿರಬಹುದೆಂದು ಹಲವರು ಸುದ್ದಿಯನ್ನು ನಂಬಲಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ ನನಗೆ, ಅದರ ಇಷ್ಟು ಕಠೋರವಾದ ರೂಪ ಬೇರೆಲ್ಲೂ ಸಿಕ್ಕಿಲ್ಲ.

ಇಂಥ ಸಂಗೀತವನ್ನು ‘ಪಿಶಾಚಿಗಳ ಗದ್ದಲ’ವೆಂದು ತಳ್ಳಿಹಾಕುವ ಹಿರಿಯರು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರಲ್ಲಿ ಒಂದು ಬಿನ್ನಹ. ಸಾವಿರ ವರ್ಷಗಳ ಹಿಂದೆ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ರಾಶಿಯ ನಡುವೆ ನಡೆಸಿದನು. ಅಲ್ಲಿಯ ಮರುಳುಗಳ ಬಾಯಿಂದ ಚಕ್ರವರ್ತಿಯನ್ನೇ ಗೇಲಿ ಮಾಡಿಸಿದನು. ‘ಮರುಳು’ ಎಂದರೆ ಭೂತವೂ ಹೌದು, ಹುಚ್ಚನೂ ಹೌದು. ಅಲ್ಲಿ ಯಾರು ಮರುಳು ಎಂಬ ಪ್ರಶ್ನೆ ಏಳುತ್ತದೆ. ರಣಾಂಗಣದ ಬೀಭತ್ಸ, ಬಂಧುಗಳ ಸಾವಿನ ಕರುಣ, ನಡುವೆ ಭೂತದ ನಗೆ! ಗಾಥಿಕ್ ಎಂಬ ಹೆಸರು ಹುಟ್ಟುವ ಮೊದಲೇ ಅದರ ಸತ್ತ್ವ ಕನ್ನಡದಲ್ಲಿತ್ತು. ಈಚೆಗೆ ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ‘ತಿಥಿ’ ಚಿತ್ರದಲ್ಲಿ, ನೂರೊಂದು ವರ್ಷ ಬಾಳಿದ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೆಯ ದಿನದವರೆಗಿನ ಕಥೆಯೂ ನಗಿಸುತ್ತಲೇ ಎದೆಗೆ ತಟ್ಟಿತು.

ಗಡಿಯಾಚೆಯ ನಮಗೆ ಇದು ಬರಿಯ ರಸಚರ್ಚೆಯಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಕನ್ನಡ ಮನೆಯೊಳಗಿನ ಮಾತು. ಅವರು ಕಿವಿಗೆ ಸಿಕ್ಕಿಸಿಕೊಂಡು ಕೇಳುವುದನ್ನು ಕುರಿತು ಕನ್ನಡದಲ್ಲಿ ಮಾತನಾಡುವವರೇ ಇಲ್ಲವಾದರೆ, ಕನ್ನಡವು ಊಟಕ್ಕೆ ಕರೆಯುವ, ಹಬ್ಬಕ್ಕೆ ಹರಸುವ ಭಾಷೆಯಾಗಿ ಮಾತ್ರ ಉಳಿದೀತು. ಅವರಿಗೆ ರನ್ನನನ್ನು ತೋರಿಸಲು ‘ಅಕ್ಟೋಬರ್ ರಸ್ಟ್’ ಒಂದು ಒಳ್ಳೆಯ ದಾರಿ. ನಮಗೆ ಅವರನ್ನು ಅರಿಯಲೂ ಅದೇ ದಾರಿ. ಸಹೃದಯರು ಮೊದಲ ಅರ್ಧ ನಿಮಿಷದ ಸದ್ದಿಗೆ ಬೆದರಿ ಎದ್ದು ಹೋಗದೆ, ‘ರೆಡ್ ವಾಟರ್’ವರೆಗಾದರೂ ಕುಳಿತು ಕೇಳಲಿ. ಯಂತ್ರ ಕೆಟ್ಟಿಲ್ಲ.