ಕಬ್ಬಿನ ದರವೂ ಮಾರ್ಗೆಂಥೋನ ಆರು ಸೂತ್ರಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬಿ.ಎ. ವಿದ್ಯಾರ್ಥಿಗೆ ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳು ಸಾಮಾನ್ಯವಾಗಿ ಒಂದು ಪಟ್ಟಿಯಾಗಿಯೇ ಪರಿಚಯವಾಗುತ್ತವೆ. ಆದರ್ಶವಾದ, ವಾಸ್ತವವಾದ, ವ್ಯವಸ್ಥಾ ಸಿದ್ಧಾಂತ, ಮಾರ್ಕ್ಸ್‌ವಾದ, ಕೊನೆಯಲ್ಲಿ ರಚನಾವಾದ. ಪ್ರತಿಯೊಂದಕ್ಕೂ ಅರ್ಥ, ಲಕ್ಷಣ, ಟೀಕೆ. ಈ ಕ್ರಮವನ್ನು ಪೂರಾ ತಳ್ಳಿಹಾಕುವಂತಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರಿಗೆ ಹಿಡಿದುಕೊಳ್ಳಲು ಒಂದು ಚೌಕಟ್ಟು ಸಿಗುತ್ತದೆ, ಕನ್ನಡದಲ್ಲಿ ಉತ್ತರ ಬರೆಯಲು ಬೇಕಾದ ಪರಿಭಾಷೆಯೂ ಸಿಗುತ್ತದೆ. ಆದರೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ಸಿದ್ಧಾಂತಗಳು ಹುಟ್ಟಿದವು ಎಂಬುದೇ ಪಟ್ಟಿಯಲ್ಲಿ ಕಳೆದುಹೋಗುತ್ತದೆ.

ವಾಸ್ತವವಾದಿ ಹ್ಯಾನ್ಸ್ ಮಾರ್ಗೆಂಥೋನನ್ನೇ ನೋಡಬಹುದು. ನಾಜಿ ಆಡಳಿತದ ದೆಸೆಯಿಂದ ಜರ್ಮನಿಗೆ ಮರಳಲಾಗದೆ ಅಮೆರಿಕದಲ್ಲಿ ನೆಲೆಸಿದ ಈ ಯಹೂದಿ ವಿದ್ವಾಂಸ ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ ಪ್ರಕಟಿಸಿದ್ದು 1948ರಲ್ಲಿ. ಎಲ್ಲರೂ ಬಾಯಿಪಾಠ ಮಾಡುವ ಆರು ಸೂತ್ರಗಳು ಆಗಿನ್ನೂ ಅದರಲ್ಲಿರಲಿಲ್ಲ. 1954ರ ಎರಡನೆಯ ಆವೃತ್ತಿಗೆ ಸೇರಿದವು. ಅವುಗಳಲ್ಲೊಂದು ವಿವೇಕವನ್ನು ರಾಜಕಾರಣದ ಅತಿ ದೊಡ್ಡ ಗುಣವೆಂದು ಎಣಿಸುತ್ತದೆ. ಗೈಡುಗಳ ಕೈಯಲ್ಲಿ ಆ ವಿವೇಕ ಸೋರಿಹೋಗಿ, ಬಲವಿದ್ದವನದೇ ಮಾತು ಎಂಬ ಸಾರಾಂಶ ಉಳಿಯುತ್ತದೆ.

ವಾಸ್ತವವಾದಕ್ಕೆ ಹತ್ತಿರದ ಉದಾಹರಣೆ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಕೃಷ್ಣಾ ನದಿ. ಬೇಸಿಗೆಯಲ್ಲಿ ನದಿ ಬತ್ತಿದಾಗ ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳುತ್ತದೆ. ಮಳೆಗಾಲದಲ್ಲಿ ನೆರೆ ಬಂದರೆ ಸಾಂಗ್ಲಿ, ಕೊಲ್ಹಾಪುರದವರು ಆಲಮಟ್ಟಿ ಅಣೆಕಟ್ಟನ್ನು ದೂರುತ್ತಾರೆ. ಪಕ್ಕದ ರಾಜನೇ ಶತ್ರುವೆನ್ನುವ ಕೌಟಿಲ್ಯನ ಮಂಡಲವನ್ನೂ ಜೋಡಿಸಿದರೆ ತರಗತಿ ಕಳೆಗಟ್ಟುತ್ತದೆ, ನಿಜ. ಆದರೂ ಈ ಉದಾಹರಣೆ ದಾರಿ ತಪ್ಪಿಸುತ್ತದೆ. ದೇಶಗಳ ಮೇಲೆ ಇನ್ನೊಂದು ಅಧಿಕಾರವಿಲ್ಲ ಎಂಬುದು ವಾಸ್ತವವಾದದ ಬುನಾದಿ. 1979ರಲ್ಲಿ ಕೆನೆತ್ ವಾಲ್ಟ್ಜ್ ತನ್ನ ಇಡೀ ವಾದವನ್ನು ಕಟ್ಟಿದ್ದು ಇದರ ಮೇಲೆಯೇ. ರಾಜ್ಯಗಳ ಮೇಲಾದರೋ ಅಂಥ ಅಧಿಕಾರವಿದೆ: ಕೃಷ್ಣೆಯ ಪಾಲು ಹಂಚಲು 1969ರಲ್ಲಿ ಬಚಾವತ್, 2004ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಗಳು ರಚನೆಯಾದವು. ಗಡಿ ತಕರಾರನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೇ ಒಯ್ದಿತು. ದೇಶಗಳ ನಡುವೆ ಹಾಗಲ್ಲ. ಪಾಕಿಸ್ತಾನದೊಂದಿಗಿನ 1960ರ ಸಿಂಧೂ ಜಲ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿಟ್ಟಿತು. ಆ ಅಮಾನತನ್ನು ತೆರವುಗೊಳಿಸಿ ಒಪ್ಪಂದವನ್ನು ಜಾರಿ ಮಾಡಿಸಬಲ್ಲ ಶಕ್ತಿ ಯಾರಿಗೂ ಇಲ್ಲ. ಎರಡು ನದಿಗಳನ್ನು ಪಕ್ಕಪಕ್ಕ ಇಟ್ಟು ಕಲಿಸಿದರಷ್ಟೇ ಕೃಷ್ಣೆಯಿಂದ ಪ್ರಯೋಜನ.

ಕಬ್ಬಿನ ಮಾತು ಬೇರೆ. ಉಗಾರದಿಂದ ಚಿಕ್ಕೋಡಿಯವರೆಗೆ ಸಕ್ಕರೆ ಕಾರ್ಖಾನೆಗಳಿರುವ ಈ ಸೀಮೆಯ ವಿದ್ಯಾರ್ಥಿ ಎಫ್‌ಆರ್‌ಪಿ (ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ) ಎಂಬ ಮಾತನ್ನು ಮನೆಯಲ್ಲೇ ಕೇಳಿ ಬೆಳೆದಿರುತ್ತಾನೆ. ಕೇಂದ್ರ ಸರ್ಕಾರ ನಿಗದಿ ಮಾಡುವ ಆ ದರ ಜಿನೀವಾದಲ್ಲಿ ವ್ಯಾಜ್ಯಕ್ಕೆ ಬಂತು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಕಬ್ಬಿಗೆ ಭಾರತ ಕೊಡುವ ಬೆಂಬಲ ಉತ್ಪಾದನಾ ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆಯೆಂದು 2021ರ ಡಿಸೆಂಬರ್‌ನಲ್ಲಿ ವಿಚಾರಣಾ ಸಮಿತಿ ಹೇಳಿತು. ಭಾರತ ಮೇಲ್ಮನವಿ ಹಾಕಿತು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದಲೇ ಕೆಲಸ ನಿಲ್ಲಿಸಿತ್ತು. ತೀರ್ಪು ಅಲ್ಲಿಗೇ ತೂಗಿಬಿತ್ತು.

ಇಲ್ಲಿ ಸಿದ್ಧಾಂತಗಳನ್ನು ಉಜ್ಜಿ ನೋಡಲು ಸಾಧ್ಯ. ಪರಸ್ಪರ ಅವಲಂಬನೆಯ ಬಗ್ಗೆ 1977ರಲ್ಲಿ ಬರೆದ ಕಿಯೋಹೇನ್ ಮತ್ತು ನೈ ಜಾಡಿನ ಉದಾರವಾದಿ, ಭಾರತ ಸಂಸ್ಥೆಯನ್ನು ಧಿಕ್ಕರಿಸದೆ ನಿಯಮದ ದಾರಿಯಲ್ಲೇ ಹೋಯಿತೆಂದು ತೋರಿಸಬಲ್ಲ. ಬಲಿಷ್ಠ ದೇಶ ಮನಸ್ಸು ಮಾಡಿದರೆ ನ್ಯಾಯಪೀಠವೇ ಬರಿದಾಗುತ್ತದೆಂದು ವಾಸ್ತವವಾದಿ ಮರುನುಡಿಯಬಹುದು. ಆದರೆ 2022ರ ಜೂನ್‌ನಿಂದ ಭಾರತವೇ ತನ್ನ ಸಕ್ಕರೆ ರಫ್ತಿಗೆ ಮಿತಿ ಹೇರಿದ್ದನ್ನು ವಾಲ್ಟ್ಜ್‌ನ ವಾದ ವಿವರಿಸಲಾರದು. ಬೆಳೆಗಾರ, ಕಾರ್ಖಾನೆ, ಪೇಟೆಯಲ್ಲಿ ಸಕ್ಕರೆ ಕೊಳ್ಳುವವರು ಇವರ ನಡುವಿನ ಎಳೆದಾಟ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸೋಲುವ ಜಾಗ ತೋರಿಸದೆ ಸಿದ್ಧಾಂತದ ಪಾಠ ಪೂರ್ತಿಯಾಗದು. ‘ಟೀಕೆಗಳು’ ಎಂಬ ಶೀರ್ಷಿಕೆಯ ಕೆಳಗೆ ನಾಲ್ಕು ಅಂಶ ಬರೆಸಿದರೆ ಆ ಕೆಲಸ ಆಗುವುದಿಲ್ಲ.

ಪಟ್ಟಿಯ ಕೊನೆಗೆ ಬಂದು ಅವಸರದಲ್ಲಿ ಮುಗಿದುಹೋಗುವ ರಚನಾವಾದಕ್ಕೆ, ಅಂದರೆ ದೇಶಗಳ ನಡವಳಿಕೆಯನ್ನು ಹಂಚಿಕೊಂಡ ನಂಬಿಕೆಗಳೂ ರೂಪಿಸುತ್ತವೆ ಎನ್ನುವ ವಾದಕ್ಕೆ, ಉದಾಹರಣೆಯಾಗಿ ಅಥಣಿ ತಾಲ್ಲೂಕಿನಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಸಾಕು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಬೆಳಗಾವಿ ಸೇರಿ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಅನ್ವಯಿಸುತ್ತದೆ; ಇಟಲಿಯನ್ನು ಅದು ಕಟ್ಟಿಹಾಕದು. ಆದರೂ 2025ರಲ್ಲಿ ಮಿಲಾನ್ ಪ್ರದರ್ಶನದ ಚಪ್ಪಲಿಯ ಬಗ್ಗೆ ಗದ್ದಲವೆದ್ದಾಗ ಇಟಲಿಯ ಪ್ರಾಡಾ ಕಂಪನಿ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಕಾನೂನಿನ ಬಲವಿಲ್ಲದೆಯೂ ಲೋಕದ ಅಭಿಪ್ರಾಯ ಕೆಲಸ ಮಾಡುವ ಬಗೆ, 1992ರಲ್ಲಿ ಅಲೆಕ್ಸಾಂಡರ್ ವೆಂಟ್ ಮಂಡಿಸಿದ ವಾದಕ್ಕೆ ಸಮೀಪದ್ದು.

ಸ್ತ್ರೀವಾದಿ ಸಿದ್ಧಾಂತಕ್ಕೆ ಪಾಠದಲ್ಲಿ ಒಂದು ಪ್ಯಾರಾ ಸಿಕ್ಕರೆ ಅದೇ ಹೆಚ್ಚು. ಲೋಕ ರಾಜಕಾರಣದಲ್ಲಿ ಹೆಂಗಸರು ಎಲ್ಲಿದ್ದಾರೆಂದು 1989ರಲ್ಲಿ ಸಿಂಥಿಯಾ ಎನ್ಲೋ ಕೇಳಿದ ಪ್ರಶ್ನೆಗೆ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಉತ್ತರ ಹುಡುಕಬಹುದು. ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೂ ಕಾರ್ಮಿಕರಿಗೂ ಬೇರೆ ಜೀವನೋಪಾಯದ ಮಾತಾಡುತ್ತದೆ. ಆ ಮಾತು ವಖಾರಿಯಲ್ಲಿ ದುಡಿಯುವ ಹೆಂಗಸರ ಪಾಲಿಗೆ ಏನಾಯಿತೆಂದು ಆಂತರಿಕ ಅಂಕಗಳ ಬರಹಕ್ಕೆ ವಿಷಯ ಕೊಡಲು ಪಠ್ಯಕ್ರಮ ಬದಲಾಗಬೇಕಾದ್ದಿಲ್ಲ.